ಶೇರ್ಡ್ ಫೋಲ್ಡರ್‌ನಲ್ಲಿ ಪಿಪಿಟಿ ಓಪನ್ ಆಗುತ್ತದೆ, ಸೇವ್ ಮಾತ್ರ ಆಗುವುದಿಲ್ಲ

ಪ್ರಶ್ನೆ (ಮೂಡಿಗೆರೆಯಿಂದ): ಸರ್, ನಮ್ಮ ಬೆಳೆಗಾರರ ಸಂಘದ ಆಫೀಸಿನಲ್ಲಿ ನಾಲ್ಕು ಕಂಪ್ಯೂಟರ್ ಇವೆ. ಒಂದರಲ್ಲಿ ಎಲ್ಲರೂ ಬಳಸುವ ಶೇರ್ಡ್ ಫೋಲ್ಡರ್ ಮಾಡಿ ಪಿಪಿಟಿಗಳನ್ನೆಲ್ಲ (ಪವರ್‌ಪಾಯಿಂಟ್ ಫೈಲ್) ಅಲ್ಲೇ ಇಟ್ಟಿದ್ದೇವೆ. ಶನಿವಾರ ಸಭೆ, ಕಾಯಿಕೊರಕ ಹುಳದ ಬಗ್ಗೆ 32 ಸ್ಲೈಡ್. ನನ್ನ ಕಂಪ್ಯೂಟರಿನಲ್ಲಿ ಓಪನ್ ಆಗುತ್ತದೆ. ಹೊಸ ಫೋಟೋ ಹಾಕಿ ಸೇವ್ ಕೊಟ್ಟರೆ ಎರರ್. ಆದರೆ ಬೇರೆ ಫೈಲ್ ಕಾಪಿ ಮಾಡಿ ಹಾಕಿದರೆ ಅದೇ ಫೋಲ್ಡರ್ ತೆಗೆದುಕೊಳ್ಳುತ್ತದೆ! ಆಫೀಸ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿಸಿ ಅಂತಾರೆ. ಹಾಕಿಸಲಾ?

ಉತ್ತರ (ಕಂಪ್ಯೂಟರ್ ಸರ್ವಿಸ್, ಚಿಕ್ಕಮಗಳೂರು): ಬೇಡ ಮೇಡಂ, ಸುಮ್ನೆ ದುಡ್ಡು ದಂಡ. ಮೊದಲು ಪಿಪಿಟಿ ಕ್ಲೋಸ್ ಮಾಡದೆ ‘ಸೇವ್ ಆ್ಯಸ್’ ಕೊಟ್ಟು ಡೆಸ್ಕ್‌ಟಾಪ್‌ಗೆ ಹಾಕಿಕೊಳ್ಳಿ. ಮಾಡಿದ ಕೆಲಸ ಉಳಿಯಲಿ. ಆಮೇಲೆ ನೋಡಿ ಹೇಳಿ, ಆ ಫೋಲ್ಡರಿನಲ್ಲಿ ‘ಪಿಪಿಟಿ’ ಅಂತ ಶುರುವಾಗಿ ‘ಟಿಎಂಪಿ’ ಅಂತ ಮುಗಿಯುವ ಫೈಲ್‌ಗಳು ಇವೆಯಾ?

ಪ್ರಶ್ನೆ: ಏಳೆಂಟು ಇವೆ ಸರ್! ವೈರಸ್ ಅಂದುಕೊಂಡಿದ್ದೆ.

ಉತ್ತರ: ವೈರಸ್ ಅಲ್ಲ, ನೀವು ಸೇವ್ ಕೊಟ್ಟ ಗುರುತು. ಪವರ್‌ಪಾಯಿಂಟ್ ಹಳೇ ಫೈಲಿನ ಮೇಲೆಯೇ ಬರೆಯುವುದಿಲ್ಲ. ಅದೇ ಫೋಲ್ಡರಿನಲ್ಲಿ ಟೆಂಪರರಿ ಫೈಲ್ ಮಾಡಿ, ಅದರಲ್ಲಿ ಎಲ್ಲ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೇ ಹೆಸರಿಡುತ್ತದೆ. ಅಂದರೆ ಸೇವ್ ಆಗಬೇಕಾದರೆ ಡಿಲೀಟ್ ಮಾಡುವ ಪರ್ಮಿಷನ್ನೂ ಬೇಕು. ನಿಮ್ಮದು ಗೋಡೌನಿಗೆ ಹೊಸ ಮೂಟೆ ಹಾಕಬಹುದು, ಹಳೇ ಮೂಟೆ ಎತ್ತುವ ಹಾಗಿಲ್ಲ ಅನ್ನೋ ಲೆಕ್ಕ. ಯಾರಾದರೂ ಡಿಲೀಟ್ ಬಂದ್ ಮಾಡಿಸಿದ್ದರಾ?

ಪ್ರಶ್ನೆ: ಅಯ್ಯೋ, ನಾವೇ ಮಾಡಿಸಿದ್ದು. ಹೋದ ವರ್ಷ ಯಾರೋ ಲೆಕ್ಕದ ಫೈಲ್ ಅಳಿಸಿಬಿಟ್ಟಿದ್ದರು.

ಉತ್ತರ: ಅದೇ. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಆ ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ. ‘ಸೆಕ್ಯುರಿಟಿ’ಯಲ್ಲಿ ನಿಮ್ಮ ಹೆಸರಿಗೆ ‘ಮಾಡಿಫೈ’ (ಬದಲಿಸುವ, ಡಿಲೀಟ್ ಮಾಡುವ ಪರ್ಮಿಷನ್) ಟಿಕ್ ಮಾಡಿ. ‘ಶೇರಿಂಗ್’ನ ಪರ್ಮಿಷನ್ಸ್‌ನಲ್ಲಿ ‘ಚೇಂಜ್’ ಇದೆಯಾ ನೋಡಿ. ಎರಡೂ ಕಡೆ ಬೇಕು, ಯಾವುದು ಬಿಗಿಯೋ ಅದೇ ನಡೆಯುತ್ತದೆ. ಎಲ್ಲರಿಗೂ ‘ಫುಲ್ ಕಂಟ್ರೋಲ್’ ಮಾತ್ರ ಕೊಡಬೇಡಿ. ಲೆಕ್ಕದ ಫೈಲ್‌ಗಳನ್ನು ಬೇರೆ ಫೋಲ್ಡರಿಗೆ ಹಾಕಿ, ಅದಕ್ಕೆ ಬೇಕಾದರೆ ಬೀಗ ಹಾಕಿ.

ಇನ್ನೊಬ್ಬರು (ಹಾಸನ): ಅಣ್ಣ, ನನಗೆ ಮಾಡಿಫೈ ಇದೆ. ಆದರೂ ಒಂದೊಂದು ಸಲ ಬೇರೆಯವರು ಬಳಸುತ್ತಿದ್ದಾರೆ ಅಂತ ಬರುತ್ತದೆ. ನೋಡಿದರೆ ಯಾರೂ ಓಪನ್ ಮಾಡಿರುವುದಿಲ್ಲ.

ಉತ್ತರ: ಪಕ್ಕದವರ ಕಂಪ್ಯೂಟರಿನಲ್ಲಿ ಪ್ರಿವ್ಯೂ ಪೇನ್ (ಫೈಲ್ ಓಪನ್ ಮಾಡದೆಯೇ ಒಳಗಿನದನ್ನು ತೋರಿಸುವ ಜಾಗ) ಆನ್ ಇರಬಹುದು. ಫೈಲ್ ಮೇಲೆ ಒಂದು ಸಲ ಕ್ಲಿಕ್ ಮಾಡಿ ಬಿಟ್ಟರೂ ಹಿಡಿದುಕೊಂಡು ಕೂರುತ್ತದೆ. ಆಲ್ಟ್ ಮತ್ತು ಪಿ ಒತ್ತಿದರೆ ಆಫ್. ಕರೆಂಟ್ ಹೋಗಿ ಪವರ್‌ಪಾಯಿಂಟ್ ಅರ್ಧಕ್ಕೆ ನಿಂತಿದ್ದರೆ, ~$ ಅಂತ ಶುರುವಾಗುವ, ಪಿಪಿಟಿ ಬಳಕೆಯಲ್ಲಿದೆ ಅಂತ ತೋರಿಸುವ ಹಿಡನ್ ಫೈಲ್ ಉಳಿದಿರುತ್ತದೆ. ಎಲ್ಲರೂ ಕ್ಲೋಸ್ ಮಾಡಿದ ಮೇಲೆ ಅದನ್ನು ಅಳಿಸಿ.

ಪ್ರಶ್ನೆ (ಮೂಡಿಗೆರೆಯಿಂದ): ಸೇವ್ ಆಯ್ತು ಸರ್! ಟಿಎಂಪಿ ಫೈಲ್‌ಗಳನ್ನು ಅಳಿಸಲಾ?

ಉತ್ತರ: ಪಿಪಿಟಿ ಒಮ್ಮೆ ಕ್ಲೋಸ್ ಮಾಡಿ ಮತ್ತೆ ತೆರೆದು, ಹೊಸ ಫೋಟೋ ಇದೆಯಾ ನೋಡಿಕೊಂಡು ಅಳಿಸಿ. ಶನಿವಾರ ಮಾತ್ರ ಶೇರ್ಡ್ ಫೋಲ್ಡರಿನಿಂದ ಓಡಿಸಬೇಡಿ, ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡು ಹೋಗಿ. ನಿಮ್ಮ ಕಡೆ ಮಳೆಗೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಉಳಿಯುತ್ತದೆ, ನೆಟ್‌ವರ್ಕ್ ಉಳಿಯುವುದಿಲ್ಲ.