ಅಪ್‌ಡೇಟ್: ಗೃಹಸಾಲದ ಜೊತೆ ಅಂಟಿಸಿದ ವಿಮೆ

ಹಿಂದೆ ಕೇಳಿದ್ದೆ: ವಿಮೆ ಕಡ್ಡಾಯ ಎಂದು ಬಾಯಿಮಾತಲ್ಲಿ ಹೇಳಿ, ಒಂದೇ ಕಂತಿನ ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸಿದ ಬ್ಯಾಂಕಿನ ಮೇಲೆ ಏನು ಮಾಡಬಹುದು ಅಂತ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟೆ. ಬಂದ ಉತ್ತರ ನಿರೀಕ್ಷಿಸಿದ್ದೇ: "ಗ್ರಾಹಕರು ಸ್ವಇಚ್ಛೆಯಿಂದ ಸಹಿ ಮಾಡಿದ್ದಾರೆ." ಬ್ಯಾಂಕ್ ದೂರನ್ನು ತಿರಸ್ಕರಿಸಿದರೆ, ಅಥವಾ 30 ದಿನ ಸುಮ್ಮನಿದ್ದರೆ, ಆರ್‌ಬಿಐ ಓಂಬುಡ್ಸ್‌ಮನ್ (ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ವ್ಯವಸ್ಥೆ) ಬಾಗಿಲು ತೆರೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಲ್ಲಿಗೆ ಹೋದೆ.

ವಿಮೆ ಕಡ್ಡಾಯ ಎಂದು ಬ್ಯಾಂಕ್ ಅಧಿಕಾರಿ ಹೇಳಿದ್ದರು ಎಂಬ ವಾದ ಎಲ್ಲೂ ನಿಲ್ಲಲಿಲ್ಲ, ಸಾಕ್ಷಿ ಎಲ್ಲಿದೆ? ಕೆಲಸಕ್ಕೆ ಬಂದದ್ದು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಬಡ್ಡಿ, ಶುಲ್ಕ, ಷರತ್ತುಗಳನ್ನು ಸರಳವಾಗಿ ಬರೆದು ಬ್ಯಾಂಕ್ ಸಾಲಗಾರರಿಗೆ ಕೊಡುವ ಪತ್ರ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಗೃಹಸಾಲದಂಥ ಹೊಸ ಚಿಲ್ಲರೆ (ರಿಟೇಲ್) ಸಾಲಗಳಿಗೆ ಇದು ಕಡ್ಡಾಯ. ನನ್ನದು ಅದರ ನಂತರದ್ದು. ವಿಮೆಯಂಥ ಮೂರನೆಯವರ ಶುಲ್ಕವೂ ಅದರಲ್ಲಿ ಕಾಣಬೇಕು, ವಾರ್ಷಿಕ ಶೇಕಡಾವಾರು ದರದ (ಬಡ್ಡಿ, ಶುಲ್ಕ ಎಲ್ಲ ಸೇರಿ ಸಾಲಕ್ಕೆ ವರ್ಷಕ್ಕೆ ಬೀಳುವ ಖರ್ಚು) ಲೆಕ್ಕದಲ್ಲೂ ಸೇರಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಸಾಲದ ಅವಧಿಯಲ್ಲಿ ವಸೂಲಿ ಮಾಡುವಂತಿಲ್ಲ. ನನ್ನ ಪ್ರತಿಯಲ್ಲಿ ಪ್ರೀಮಿಯಂನ ಸುಳಿವೇ ಇರಲಿಲ್ಲ! ಇದನ್ನು ತೋರಿಸಿದ ಮೇಲೆ ಬ್ಯಾಂಕಿನ ಧಾಟಿ ಬದಲಾಯಿತು. ರಾಜಿಯಲ್ಲಿ ಪ್ರೀಮಿಯಂ ಮತ್ತು ಅದರ ಮೇಲಿನ ಬಡ್ಡಿ ಸಾಲದ ಖಾತೆಗೆ ವಾಪಸ್ ಜಮೆಯಾಗಿದೆ, ಪಾಲಿಸಿ ರದ್ದು. ತಪ್ಪೊಪ್ಪಿಗೆಯ ಒಂದು ಸಾಲೂ ಇಲ್ಲ, ಅದು ಬರುತ್ತದೆಂದು ನಾನೂ ಕಾದಿರಲಿಲ್ಲ.

ಗ್ರಾಹಕ ಆಯೋಗಕ್ಕೆ ಹೋಗಿ ಎಂದಿದ್ದವರಿಗೆ: ರಾಜಿಯಾದ್ದರಿಂದ ಹೋಗುತ್ತಿಲ್ಲ. ಹೋಗುವವರು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ಇರುವ ಎರಡು ವರ್ಷದ ಗಡುವು ನೋಡಿಕೊಳ್ಳಿ. ಓಂಬುಡ್ಸ್‌ಮನ್ ಬಳಿ ದೂರು ಕೊಟ್ಟಿದ್ದೇನೆ ಎಂದು ಆ ಗಡುವಿನ ಎಣಿಕೆ ತಾನಾಗಿ ನಿಲ್ಲುತ್ತದೆ ಅಂದುಕೊಳ್ಳಬೇಡಿ.