ಸಹಾಯ ಬೇಕು: ಮಗಳ ಹಿಯರಿಂಗ್ ಏಡ್ ಕ್ಲೇಮ್, ಸೆಲ್ಫ್ ಫಂಡೆಡ್ ಪ್ಲಾನ್ (ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನಾವಿರೋದು ಡಲ್ಲಾಸ್ ಹತ್ತಿರ. ನಮ್ಮ ಆರು ವರ್ಷದ ಮಗಳಿಗೆ ಎರಡೂ ಕಿವಿಗೆ ಹಿಯರಿಂಗ್ ಏಡ್ ಬೇಕೇ ಬೇಕು ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಟೀಚರ್ ಬೋರ್ಡ್ ಕಡೆ ತಿರುಗಿ ಮಾತಾಡಿದರೆ ಅವಳಿಗೆ ಏನೂ ಗೊತ್ತಾಗಲ್ಲ, ತುಟಿ ನೋಡಿಕೊಂಡೇ ಪಾಠ ಕಲೀತಿದ್ದಾಳೆ.

18 ವರ್ಷದವರೆಗಿನ ಮಕ್ಕಳಿಗೆ ಇನ್ಶೂರೆನ್ಸ್ ಇದನ್ನು ಕೊಡಬೇಕು ಅಂತ ಟೆಕ್ಸಾಸ್ ಕಾನೂನಿದೆ. ಆದರೂ ಕ್ಲೇಮ್ ತಿರಸ್ಕರಿಸಿದ್ದಾರೆ. ಕಾರಣ, ನನ್ನ ಯಜಮಾನರ ಕಂಪನಿಯ ಹೆಲ್ತ್ ಪ್ಲಾನ್ ಸೆಲ್ಫ್ ಫಂಡೆಡ್. ಕಾರ್ಡ್ ಮೇಲೆ ಇನ್ಶೂರೆನ್ಸ್ ಕಂಪನಿ ಹೆಸರಿದ್ದರೂ ದುಡ್ಡು ಕೊಡೋದು ಉದ್ಯೋಗದಾತರೇ. ಅಂಥ ಪ್ಲಾನ್‌ಗಳಿಗೆ ಎರಿಸಾ (ಕಂಪನಿಗಳು ಉದ್ಯೋಗಿಗಳಿಗೆ ಕೊಡೋ ಸೌಲಭ್ಯಗಳ ಬಗ್ಗೆ ಇರೋ 1974ರ ಫೆಡರಲ್ ಕಾನೂನು) ಅನ್ವಯಿಸುತ್ತೆ, ರಾಜ್ಯದ ಇನ್ಶೂರೆನ್ಸ್ ಕಾನೂನು ನಡೆಯಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲೇ ಎಫ್‌ಎಂಸಿ ಅನ್ನೋ ಕಂಪನಿಯ ಕೇಸಿನಲ್ಲಿ ಹೀಗೆ ತೀರ್ಪು ಕೊಟ್ಟಿದೆ. ಅದೇ ಊರು, ಅದೇ ಶಾಲೆ. ಅಪ್ಪನ ಕಂಪನಿ ಇನ್ಶೂರೆನ್ಸ್ ಕೊಂಡಿದ್ದರೆ ಮಗುವಿಗೆ ಸಿಗುತ್ತೆ, ಇಲ್ಲದಿದ್ದರೆ ಇಲ್ಲ. ಇದು ನನಗೆ ಅನ್ಯಾಯವಾಗಿಯೇ ಕಾಣ್ತಿದೆ.

ಅಪೀಲಿಗೆ 180 ದಿನ ಟೈಮ್ ಇದೆ. ಪ್ಲಾನ್ ಡಾಕ್ಯುಮೆಂಟ್ ಪೂರ್ತಿ ಕೊಡಿ ಅಂತ ಲಿಖಿತವಾಗಿ ಕೇಳಿದ್ದೀವಿ, 30 ದಿನದೊಳಗೆ ಅವರು ಕೊಡಲೇಬೇಕು.

ಇಂಥ ಪ್ಲಾನ್‌ನಲ್ಲಿ ಅಪೀಲ್ ಗೆದ್ದವರು ಯಾರಾದರೂ ಇದ್ದೀರಾ? ಎಚ್‌ಆರ್ ಜೊತೆ ಮಾತಾಡಿ ಪ್ಲಾನ್‌ಗೇ ಈ ಸೌಲಭ್ಯ ಸೇರಿಸಿದವರಿದ್ದರೆ, ಪತ್ರದಲ್ಲಿ ಏನು ಬರೆದಿರಿ ದಯವಿಟ್ಟು ತಿಳಿಸಿ. ಕಂಪನಿ ಮನಸ್ಸು ಮಾಡಿದರೆ ಸೇರಿಸೋಕೆ ಕಾನೂನಿನ ಅಡ್ಡಿಯೇನಿಲ್ಲ. ಎರಿಸಾ ಗೊತ್ತಿರೋ ವಕೀಲರ ಪರಿಚಯವಿದ್ದರೆ ಮೆಸೇಜ್ ಮಾಡಿ. ಶಾಲೆ ಶುರುವಾಗೋದರೊಳಗೆ ಏನಾದರೂ ದಾರಿ ಆಗಬೇಕು.