ಪಂಕ್ ಟ್ರಿಬ್ಯೂಟ್ ಬ್ಯಾಂಡ್‌ಗೆ ಯಾವ ಬೇಸ್ ಗಿಟಾರ್ ತಗೊಳ್ಳೋದು?

ಹೊಸತಂತಿ:

ಎಲ್ಲರಿಗೂ ನಮಸ್ಕಾರ. ರಮೋನ್ಸ್, ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಶ್ ಈ ಮೂರು ಬ್ಯಾಂಡ್‌ಗಳ 1976ರಿಂದ 1979ರವರೆಗಿನ ಹಾಡುಗಳನ್ನಷ್ಟೇ ನುಡಿಸುವ ಟ್ರಿಬ್ಯೂಟ್ ಬ್ಯಾಂಡ್ ನಮ್ಮದು. ಒಂದು ಗಿಟಾರ್, ಒಂದು ಬೇಸ್, ಡ್ರಮ್ಸ್, ಒಬ್ಬ ಹಾಡುಗಾರ. ಸದ್ಯ ಕೈಯಲ್ಲಿರೋದು ಐದು ತಂತಿಯ ಆಕ್ಟಿವ್ (ಒಳಗೇ ಬ್ಯಾಟರಿಯ ಪ್ರಿಆಂಪ್ ಇರುವ) ಬೇಸ್, ತೂಕ 4.6 ಕೆ.ಜಿ. ಬೆರಳಲ್ಲಿ ನುಡಿಸಿದರೆ ಚೆನ್ನಾಗೇ ಇದೆ. ಆದರೆ ಪಿಕ್ (ತಂತಿ ಮೀಟುವ ಬಿಲ್ಲೆ) ಹಿಡಿದು ಗಿಟಾರ್ ಜೊತೆ ಸೇರಿದ ಕೂಡಲೇ ಕೆಳಗೆ ಗುಂಯ್ ಅನ್ನೋದು, ಮೇಲೆ ಟಕಟಕ ಅನ್ನೋದು, ಇವೆರಡೇ ಕೇಳಿಸುತ್ತೆ. ಯಾವ ಸ್ವರ ಅಂತಲೇ ಗೊತ್ತಾಗಲ್ಲ.

ನಾಲ್ಕು ತಂತಿಯದ್ದು ಒಂದೇ ಒಂದು ತಗೋಬೇಕು, ಬಹುಶಃ ಸೆಕೆಂಡ್ ಹ್ಯಾಂಡ್. ಫೆಂಡರ್ ಮಾದರಿಯ ಪ್ರಿಸಿಷನ್ನೋ, ಜಾಝ್ ಬೇಸೋ, ಎರಡರ ಪಿಕಪ್ಪೂ (ತಂತಿಯ ಕಂಪನವನ್ನ ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಇರುವ ಪಿಜೆಯೋ? ಕೈಗೆ ಹಗುರ ಅಂತ 30 ಇಂಚಿನ ಶಾರ್ಟ್ ಸ್ಕೇಲ್ (ನುಡಿಯುವ ತಂತಿಯ ಉದ್ದ ಕಡಿಮೆ ಇರುವ ಬೇಸ್) ತಗೊಂಡರೆ ತೊಂದರೆಯೇ? ಹಳೇದನ್ನ ನೋಡೋಕೆ ಹೋದಾಗ ಏನೇನು ಪರೀಕ್ಷಿಸಬೇಕು?

ದಪ್ಪತಂತಿ:

ಪ್ರಿಸಿಷನ್. ಈ ಮೂರು ಬ್ಯಾಂಡ್‌ಗೂ ಅದೇ. ನೋಡೋಕೆ ಹಾಗೇ ಇರಲಿ ಅಂತ ಹೇಳ್ತಿಲ್ಲ, ಕಾರಣ ಪಿಕಪ್‌ನಲ್ಲಿದೆ.

ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. ಈಗ ನಾವು ನೋಡುವ ಎರಡು ತುಂಡಿನ ಸ್ಪ್ಲಿಟ್ ಕಾಯಿಲ್ ಪಿಕಪ್ 1957ರದ್ದು. ಒಂದು ತುಂಡು ಇ ಮತ್ತು ಎ ತಂತಿಗೆ, ಇನ್ನೊಂದು ಡಿ ಮತ್ತು ಜಿ ತಂತಿಗೆ. ಎರಡೂ ಸೇರಿ ಹಮ್ಮಿಂಗ್ ಸದ್ದನ್ನ ಹೊಡೆದುಹಾಕುತ್ತವೆ, ಆದರೆ ಪ್ರತಿ ತಂತಿಯನ್ನೂ ಒಂದೇ ಜಾಗದಿಂದ ಕೇಳಿಸಿಕೊಳ್ಳುತ್ತವೆ. ಅದಕ್ಕೇ ಅದರ ಮಿಡ್ (ಮಧ್ಯದ ಫ್ರೀಕ್ವೆನ್ಸಿಗಳು) ಗಟ್ಟಿಯಾಗಿ ನಿಲ್ಲೋದು. ಜಾಝ್ ಬೇಸ್‌ನಲ್ಲಿ ಎರಡು ಪಿಕಪ್ ಒಂದೇ ತಂತಿಯನ್ನ ಎರಡು ಜಾಗದಿಂದ ಕೇಳುತ್ತವೆ. ಎರಡನ್ನೂ ಪೂರ್ತಿ ತೆರೆದರೆ ಮಧ್ಯದ ಕೆಲವು ಫ್ರೀಕ್ವೆನ್ಸಿಗಳು ಒಂದನ್ನೊಂದು ಕಳೆದುಕೊಂಡು ಅಲ್ಲೊಂದು ಹೊಂಡ ಬೀಳುತ್ತೆ. ಒಬ್ಬರೇ ನುಡಿಸುವಾಗ ಆ ಹೊಂಡ ಬಹಳ ಸೊಗಸು. ಡಿಸ್ಟಾರ್ಷನ್ ಗಿಟಾರ್ ಪಕ್ಕದಲ್ಲಿ ನಿಂತಾಗ ಬೇಸ್ ಮಾಯವಾಗೋದು ಅಲ್ಲೇ. ನೀವು ಹೇಳಿದ 'ಗುಂಯ್ ಮತ್ತು ಟಕಟಕ' ಇದೇ ರೋಗ. ಜಾಝ್‌ನಲ್ಲಿ ನೆಕ್ ಕಡೆಯ ಪಿಕಪ್ ಒಂದನ್ನೇ ಇಟ್ಟರೆ ಹೊಂಡ ಹೋಗುತ್ತೆ, ಆದರೆ ಸಿಂಗಲ್ ಕಾಯಿಲ್ ಆದ್ದರಿಂದ ಸ್ಟೇಜ್ ಲೈಟಿನ ಹಮ್ ಒಳಗೆ ಬರುತ್ತೆ.

ಈ ಮೂರು ಬ್ಯಾಂಡ್‌ಗಳ ಬೇಸಿಸ್ಟ್‌ಗಳಾದ ಡೀ ಡೀ ರಮೋನ್, ಸಿಡ್ ವಿಷಸ್, ಪಾಲ್ ಸಿಮನನ್ ಮೂವರ ಹೆಗಲಲ್ಲೂ ಇದ್ದದ್ದು ಪ್ರಿಸಿಷನ್. 1979ರಲ್ಲಿ ನ್ಯೂಯಾರ್ಕಿನ ಪಲೇಡಿಯಂ ಸ್ಟೇಜ್ ಮೇಲೆ ಸಿಮನನ್ ಒಡೆದುಹಾಕಿದ ಬೇಸ್ ಕೂಡ ಅದೇ. ಪೆನ್ನಿ ಸ್ಮಿತ್ ತೆಗೆದ ಆ ಫೋಟೋ ಕ್ಲ್ಯಾಶ್‌ನ ಮೂರನೇ ಆಲ್ಬಮ್‌ನ ಮುಖಪುಟ ಆಯ್ತು. ಸೆಕ್ಸ್ ಪಿಸ್ಟಲ್ಸ್ ಹಾಡುಗಳನ್ನ ಕಿವಿಯಿಂದ ಕಲಿಯುವಾಗ ಒಂದು ವಿಷಯ ನೆನಪಿರಲಿ. 1977ರ ಆಲ್ಬಮ್‌ನಲ್ಲಿ ಹೆಚ್ಚಿನ ಬೇಸ್ ಗಿಟಾರಿಸ್ಟ್ ಸ್ಟೀವ್ ಜೋನ್ಸ್ ನುಡಿಸಿದ್ದು. ಅದಕ್ಕೇ ಅದು ಗಿಟಾರ್‌ನ ರೂಟ್ ಸ್ವರಗಳಿಗೆ ಅಂಟಿಕೊಂಡೇ ಓಡುತ್ತೆ. 'ಆನಾರ್ಕಿ ಇನ್ ದ ಯು.ಕೆ.'ಯಲ್ಲಿ ಮಾತ್ರ ಸಿಡ್‌ಗಿಂತ ಮೊದಲಿದ್ದ ಬೇಸಿಸ್ಟ್ ಗ್ಲೆನ್ ಮ್ಯಾಟ್ಲಾಕ್ ಇದ್ದಾರೆ, ಅಲ್ಲಿ ಬೇಸ್ ತನ್ನದೇ ದಾರಿ ಹಿಡಿದು ಓಡಾಡೋದು ಚೆನ್ನಾಗಿ ಕೇಳುತ್ತೆ. ಎರಡನ್ನೂ ಒಂದೇ ಧಾಟಿಯಲ್ಲಿ ನುಡಿಸಬೇಡಿ.

ಪಿಜೆ ಸಿಕ್ಕರೆ ಬೇಡ ಅನ್ನಬೇಕಿಲ್ಲ. ಬ್ರಿಡ್ಜ್ (ತಂತಿಯ ಬುಡ ಕೂರುವ ಭಾಗ) ಕಡೆಯ ಜೆ ಪಿಕಪ್‌ನ ವಾಲ್ಯೂಮ್ ಸೊನ್ನೆಗೆ ತಿರುಗಿಸಿದರೆ ಅದೂ ಪ್ರಿಸಿಷನ್ನೇ. ನೆಕ್ ಅಗಲಕ್ಕೂ ತಲೆಕೆಡಿಸಿಕೊಳ್ಳಬೇಡಿ. ನಟ್ (ನೆಕ್‌ನ ತಲೆ ಕಡೆ ತಂತಿ ಕೂರುವ ಕಚ್ಚಿನ ಪಟ್ಟಿ) ಹತ್ತಿರ ಪ್ರಿಸಿಷನ್ ಸುಮಾರು 41 ಮಿ.ಮೀ., ಜಾಝ್ 38 ಮಿ.ಮೀ. ವಾರದಲ್ಲಿ ಕೈಗೆ ಹೊಂದುತ್ತೆ.

ಶಾರ್ಟ್ ಸ್ಕೇಲ್ ಮಾತ್ರ ಬೇಡ. ಅದೇ ದಪ್ಪದ ತಂತಿಯನ್ನ ಅದೇ ಶ್ರುತಿಗೆ ತಂದರೆ 34 ಇಂಚಿಗಿಂತ 30 ಇಂಚಿನಲ್ಲಿ ಬಿಗಿ ಸುಮಾರು 22 ಶೇಕಡಾ ಕಡಿಮೆ. ಮೆತ್ತಗಿರುವ ಇ ತಂತಿಯನ್ನ ಪಿಕ್‌ನಿಂದ ಜೋರಾಗಿ ಹೊಡೆದರೆ ಮೊದಲ ಕ್ಷಣ ಶ್ರುತಿ ಮೇಲಕ್ಕೆ ಹಾರಿ ಆಮೇಲೆ ಇಳಿಯುತ್ತೆ. ನಿಧಾನದ ಹಾಡಿನಲ್ಲಿ ಇಳಿಯೋಕೆ ಸಮಯ ಇರುತ್ತೆ. ನಿಮಿಷಕ್ಕೆ 180 ಬೀಟ್ ವೇಗದಲ್ಲಿ ಎಂಟನೇ ಸ್ವರ ಅಂದರೆ ಸೆಕೆಂಡಿಗೆ ಆರು ಹೊಡೆತ, ಎರಡು ನಿಮಿಷದ ಹಾಡಿಗೆ 720. ಶ್ರುತಿ ಇಳಿಯುವ ಮೊದಲೇ ಮುಂದಿನ ಹೊಡೆತ ಬಿದ್ದಿರುತ್ತೆ, ಹಾಡು ಪೂರ್ತಿ ಬೇಸ್ ಒಂದು ಕೂದಲಷ್ಟು ಮೇಲೇ ತೇಲ್ತಾ ಇರುತ್ತೆ.

ಫ್ರೆಟ್‌ಮೇಸ್ತ್ರಿ:

ಮೇಲಿನ ಉತ್ತರ ಸರಿ, ಆದರೆ ಅರ್ಧ ಕೆಲಸ ತಂತಿ ಮತ್ತು ಸೆಟಪ್‌ನದ್ದು. ಒಳ್ಳೆ ಪ್ರಿಸಿಷನ್ ತಂದು ಹಳೇ ಸತ್ತ ತಂತಿಯಲ್ಲಿ ನುಡಿಸಿದರೆ ಏನೂ ಉಪಯೋಗವಿಲ್ಲ.

ರೌಂಡ್‌ವೌಂಡ್ (ದುಂಡು ತಂತಿ ಸುತ್ತಿದ) ತಂತಿ, ಸ್ಟೇನ್‌ಲೆಸ್ ಸ್ಟೀಲ್, 45–105 ಸೆಟ್ (ತೆಳು ಮತ್ತು ದಪ್ಪ ತಂತಿಯ ಅಳತೆ, ಇಂಚಿನ ಸಾವಿರದಂಶದಲ್ಲಿ). ಕೈ ಭಾರ ಇದ್ದರೆ 50–110. ಸ್ಟೀಲ್ ತಂತಿ ಫ್ರೆಟ್‌ಗಳನ್ನ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು) ನಿಕಲ್‌ಗಿಂತ ಬೇಗ ಸವೆಸುತ್ತೆ ನಿಜ, ಆದರೆ ಈ ಸಂಗೀತಕ್ಕೆ ಬೇಕಾದ ಆ ಗರಗರ ಅಲ್ಲೇ ಇರೋದು. ದಪ್ಪ ಸೆಟ್‌ಗೆ ಹೋದರೆ ಮೊದಲು ನಟ್‌ನ ಕಚ್ಚಿನಲ್ಲಿ ತಂತಿ ಪೂರ್ತಿ ಕೂರುತ್ತದೆಯೇ ನೋಡಿ. ಕೂರದೆ ಮೇಲೆ ನಿಂತರೆ ಮೊದಲ ಎರಡು ಫ್ರೆಟ್‌ನಲ್ಲಿ ಎಲ್ಲಾ ಸ್ವರವೂ ಮೇಲೇರಿರುತ್ತೆ, ಬ್ರಿಡ್ಜ್‌ನಲ್ಲಿ ಎಷ್ಟು ತಿರುಗಿಸಿದರೂ ಅದು ಸರಿಹೋಗಲ್ಲ. ಹೊಸ ತಂತಿ ಹಾಕುವಾಗ ಗೂಟ ದಾಟಿ 10–12 ಸೆಂ.ಮೀ. ಬಿಟ್ಟು, ಅಲ್ಲಿ ಲಂಬವಾಗಿ ಮಡಚಿ, ಮಡಚಿದ ಮೇಲೆ ಕತ್ತರಿಸಿ. ಮಡಚದೇ ಕತ್ತರಿಸಿದರೆ ಹೊರಸುತ್ತು ಒಳಗಿನ ತಂತಿಯಿಂದ ಜಾರಿ ಸಡಿಲವಾಗಬಹುದು. ಹೊಸ ತಂತಿಯೇ ಸತ್ತ ಹಾಗೆ ಕೇಳುತ್ತೆ, ಬೇಸನ್ನ ಬೈತಾ ಕೂರ್ತೀರಿ.

ಸೆಟಪ್. ಶ್ರುತಿ ಮಾಡಿ, ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಯನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಇ ತಂತಿಯನ್ನ ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಎಂಟನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.35 ಮಿ.ಮೀ. ಸಂದು ಇರಬೇಕು. ಫೀಲರ್ ಗೇಜ್‌ನಿಂದಲೇ ಅಳೆಯಿರಿ, ಕಣ್ಣಂದಾಜು ಬೇಡ. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡನ್ನ (ನೆಕ್ ಒಳಗಿನ, ಬಾಗು ಸರಿಪಡಿಸುವ ಲೋಹದ ಕಡ್ಡಿ) ಪ್ರದಕ್ಷಿಣವಾಗಿ ಕಾಲು ಸುತ್ತು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಆಮೇಲೆ 17ನೇ ಫ್ರೆಟ್‌ನಲ್ಲಿ ಎತ್ತರ: ಇ ತಂತಿ 2.4ರಿಂದ 2.8 ಮಿ.ಮೀ., ಜಿ ತಂತಿ 2 ಮಿ.ಮೀ. ಬೆರಳಿನವರು ಇದಕ್ಕಿಂತ ತಗ್ಗಿಸುತ್ತಾರೆ. ಪಿಕ್‌ನ ಹೊಡೆತಕ್ಕೆ ತಂತಿ ಅಗಲವಾಗಿ ಆಡುತ್ತೆ, ಜಾಗ ಕೊಡದಿದ್ದರೆ ಕೊನೇ ಫ್ರೆಟ್‌ಗಳಿಗೆ ಬಡಿದು ಸ್ವರ ಹುಟ್ಟುವ ಮೊದಲೇ ಉಸಿರುಗಟ್ಟುತ್ತೆ. ಇಂಟೊನೇಷನ್ (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿಬರುವ ಹೊಂದಾಣಿಕೆ) ಕೊನೆಯಲ್ಲಿ ಮಾಡಿ: 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲಿಯ ಹಾರ್ಮೋನಿಕ್‌ಗಿಂತ ಮೇಲಿದ್ದರೆ ಸ್ಯಾಡಲನ್ನ (ಬ್ರಿಡ್ಜ್‌ನಲ್ಲಿ ತಂತಿ ಹಾಯುವ ತುಂಡು) ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಪಿಕಪ್‌ಗೆ, ಕೊನೇ ಫ್ರೆಟ್ ಒತ್ತಿದಾಗ, ಇ ಕಡೆ ಸುಮಾರು 3 ಮಿ.ಮೀ. ದೂರ ಇರಲಿ. ಜೋರು ಬರಲಿ ಅಂತ ಇನ್ನೂ ಎತ್ತಿದರೆ ಅಯಸ್ಕಾಂತ ತಂತಿಯನ್ನ ಎಳೆದು ಮೇಲಿನ ಫ್ರೆಟ್‌ಗಳಲ್ಲಿ ಸ್ವರ ನಡುಗುತ್ತೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ಮೊದಲ ಪರೀಕ್ಷೆ ಟ್ರಸ್ ರಾಡ್. ಎರಡೂ ಕಡೆ ತಿರುಗಬೇಕು. ಪೂರ್ತಿ ಬಿಗಿದಿದ್ದೂ ನೆಕ್ ಇನ್ನೂ ಮುಂದಕ್ಕೆ ಬಾಗಿದ್ದರೆ ಅಲ್ಲಿಂದ ಎದ್ದು ಬನ್ನಿ. ಹಳೇ ಮಾದರಿಯಲ್ಲಿ ರಾಡ್‌ನ ತುದಿ ನೆಕ್ ಬುಡದಲ್ಲಿರುತ್ತೆ, ನೆಕ್ ಸಡಿಲಿಸದೆ ತಿರುಗಿಸೋಕೆ ಆಗಲ್ಲ. ಅಂಥದ್ದಾದರೆ ಮಾರುವವರನ್ನ ಕೇಳಿ ಅಲ್ಲೇ ಬಿಚ್ಚಿಸಿ ನೋಡಿ. ಹೆಡ್‌ಸ್ಟಾಕ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ, ತಿರುಚಿದ್ದರೆ ಎರಡು ಅಂಚು ಸಮಾನಾಂತರ ಕಾಣಲ್ಲ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ನುಡಿಸಿ. ನಾಲ್ಕು ತಂತಿ, 20 ಫ್ರೆಟ್, ಐದು ನಿಮಿಷದ ಕೆಲಸ. ಮಲ್ಟಿಮೀಟರ್ ಇದ್ದರೆ ಕೇಬಲ್ ಚುಚ್ಚಿ ವಾಲ್ಯೂಮ್, ಟೋನ್ ಪೂರ್ತಿ ತೆರೆದು ಆಚೆ ತುದಿಯಲ್ಲಿ ಓಮ್ ಅಳೆಯಿರಿ. ಪ್ರಿಸಿಷನ್ ಪಿಕಪ್ ಸಾಮಾನ್ಯವಾಗಿ 10–11 ಕಿಲೋಓಮ್ ಆಸುಪಾಸು. ಅದರ ಅರ್ಧ ತೋರಿಸಿದರೆ ಒಂದು ಕಾಯಿಲ್ ಸರ್ಕ್ಯೂಟ್‌ನಲ್ಲೇ ಇಲ್ಲ ಅಂತ ಅನುಮಾನಿಸಿ.

ಇನ್ನು ಜಾಕ್. ಕುಣಿಯುವವರ ಬೇಸ್‌ನಲ್ಲಿ ಮೊದಲು ಸಾಯೋದು ಅದೇ. ಹೊರಗಿನ ನಟ್ ಸಡಿಲವಾಗುತ್ತೆ, ಎಲ್ಲರೂ ಹೊರಗಿಂದಲೇ ಸ್ಪ್ಯಾನರ್ ಹಾಕಿ ಬಿಗಿಯುತ್ತಾರೆ. ಒಳಗೆ ಜಾಕ್ ಕೂಡ ಜೊತೆಗೇ ತಿರುಗಿ ವೈರ್ ತಿರುಚಿಕೊಳ್ಳುತ್ತೆ, ನಾಲ್ಕನೇ ಸಲಕ್ಕೆ ಬೆಸುಗೆ ಕಿತ್ತುಬರುತ್ತೆ. ಪಿಕ್‌ಗಾರ್ಡ್ ಬಿಚ್ಚಿ ಜಾಕನ್ನ ಒಳಗಿಂದ ಹಿಡಿದುಕೊಂಡೇ ನಟ್ ಬಿಗಿಯಿರಿ, ಹಲ್ಲಿರುವ ವಾಷರ್ ಹಾಕಿ. ಕೇಬಲನ್ನ ಸ್ಟ್ರಾಪ್ ಹಿಂದೆ ಒಂದು ಸುತ್ತು ತಂದು ಚುಚ್ಚಿದರೆ ಯಾರಾದರೂ ತುಳಿದಾಗ ಎಳೆತ ಸ್ಟ್ರಾಪ್ ಮೇಲೆ ಬೀಳುತ್ತೆ, ಜಾಕ್ ಮೇಲಲ್ಲ.

ಲೋ_ಎಂಡ್:

ಬೇಸ್ ಬದಲಾಯಿಸಿದ ಮಾತ್ರಕ್ಕೆ ಸ್ವರ ಕೇಳಿಬರುತ್ತೆ ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ತೆರೆದ ಇ ತಂತಿಯ ಮೂಲ ಕಂಪನ 41 ಹರ್ಟ್ಸ್. ಎಷ್ಟೋ ಸ್ಪೀಕರ್‌ಗಳಲ್ಲಿ ನಿಮ್ಮ ಕಿವಿಗೆ ನಿಜವಾಗಿ ಸಿಗೋದು ಅದರ ದುಪ್ಪಟ್ಟು 82 ಮತ್ತು ಅದರ ಮೇಲಿನವು. ಆದ್ದರಿಂದ ಆಂಪ್‌ನಲ್ಲಿ 40–50 ಹರ್ಟ್ಸ್‌ಗಿಂತ ಕೆಳಗಿನದ್ದನ್ನ ಕಡಿಯಿರಿ. 800 ಹರ್ಟ್ಸ್ ಹತ್ತಿರ ಮೂರು ನಾಲ್ಕು ಡೆಸಿಬಲ್ ಏರಿಸಿ. ಪಿಕ್‌ನ ಏಟು ಇರೋದು 2.5ರಿಂದ 3 ಕಿಲೋಹರ್ಟ್ಸ್, ಅದು ಸ್ಟೀಲ್ ತಂತಿಯಲ್ಲಿ ತಾನಾಗೇ ಬರುತ್ತೆ, ಮುಟ್ಟಬೇಕಿಲ್ಲ. ಇನ್ನೊಂದು ಕೆಲಸ ನಿಮ್ಮ ಗಿಟಾರಿಸ್ಟ್‌ದು: 100–120 ಹರ್ಟ್ಸ್‌ನ ಕೆಳಗೆ ಅವರು ಬಿಟ್ಟುಕೊಡಬೇಕು. ಒಂಟಿಯಾಗಿ ಕೇಳಿದರೆ ಗಿಟಾರ್ ತೆಳು ಅನ್ನಿಸುತ್ತೆ, ಬ್ಯಾಂಡ್ ಸೇರಿದಾಗ ಇಬ್ಬರೂ ದಪ್ಪಗಾಗ್ತೀರಿ.

ಇದನ್ನೆಲ್ಲ ಈಗಿರುವ ಬೇಸ್‌ನಲ್ಲೇ ಮೊದಲು ಮಾಡಿ ನೋಡಿ. ಆಕ್ಟಿವ್‌ನ ಬೇಸ್, ಟ್ರೆಬಲ್ ಗುಬ್ಬಿಗಳು (ನಾಬ್) ನಡುವಿನ ತಡೆಯಲ್ಲೇ ಇರಲಿ, ಎರಡು ಪಿಕಪ್ ಇದ್ದರೆ ಒಂದು ಕಡೆಗೆ ಪೂರ್ತಿ ತಿರುಗಿಸಿ. ಆಮೇಲೂ ಸಾಲದಿದ್ದರೆ ಪ್ರಿಸಿಷನ್.

ಪ್ಯಾಸಿವ್ (ಪ್ರಿಆಂಪ್ ಇಲ್ಲದ) ಬೇಸ್ ತಗೊಂಡ ಮೇಲೆ ಡಿಐ ಬಾಕ್ಸ್ (ಬೇಸನ್ನ ಮಿಕ್ಸರ್‌ಗೆ ಜೋಡಿಸುವ ಪೆಟ್ಟಿಗೆ) ಆಕ್ಟಿವ್ ಇರಲಿ, ಇನ್‌ಪುಟ್ ಇಂಪೆಡೆನ್ಸ್ 1 ಮೆಗಾಓಮ್ ಸುತ್ತಮುತ್ತ. ಅಗ್ಗದ ಪ್ಯಾಸಿವ್ ಡಿಐ ಮೇಲಿನ ಫ್ರೀಕ್ವೆನ್ಸಿಯನ್ನ ನುಂಗಿಹಾಕುತ್ತೆ, ಹೊಸ ತಂತಿಗೆ ಕೊಟ್ಟ ದುಡ್ಡು ಅಲ್ಲೇ ಹೋಯ್ತು. ಓವರ್‌ಡ್ರೈವ್ ಹಾಕುವುದಾದರೆ ಕ್ಲೀನ್ ಸಿಗ್ನಲ್ ಬೆರೆಸುವ ಗುಬ್ಬಿ ಇರುವ ಪೆಡಲ್ಲೇ ಬೇಕು. ಇಲ್ಲದಿದ್ದರೆ ತಳ ಕರಗಿಹೋಗುತ್ತೆ.

ಕ್ಲ್ಯಾಶ್‌ನ ರೆಗ್ಗೇ ಕಡೆ ವಾಲುವ ಹಾಡುಗಳಿಗೆ ಇದೇ ಸೌಂಡ್ ನಡೆಯಲ್ಲ. ಅಲ್ಲಿ ಟೋನ್ ಗುಬ್ಬಿ ಮುಕ್ಕಾಲು ಮುಚ್ಚಿ, ನೆಕ್ ತುದಿಯ ಹತ್ತಿರ ಹೆಬ್ಬೆರಳಲ್ಲೋ ಬೆರಳಲ್ಲೋ ನುಡಿಸಿ. ಒಂದೇ ಪ್ರಿಸಿಷನ್, ಒಂದೇ ತಂತಿ, ಬೇರೆಯೇ ವಾದ್ಯ ಅನ್ನಿಸುತ್ತೆ. ಒಂದು ಟೋನ್ ಗುಬ್ಬಿಯಲ್ಲಿ ಇಷ್ಟು ದೂರ ಹೋಗಿಬರಬಹುದು ಅನ್ನೋದೇ ಈ ಬೇಸ್‌ನ ನಿಜವಾದ ಹೆಚ್ಚುಗಾರಿಕೆ.

ಹೊಸತಂತಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸೆಕೆಂಡ್ ಹ್ಯಾಂಡ್ ಸಿಕ್ಕಿವೆ. ಒಂದು ಪ್ರಿಸಿಷನ್, 4.4 ಕೆ.ಜಿ., ನೆಕ್ ನೇರ, ರಾಡ್ ಎರಡೂ ಕಡೆ ತಿರುಗುತ್ತೆ, ಆದರೆ ಮೊದಲ ಐದು ಫ್ರೆಟ್‌ನಲ್ಲಿ ತಂತಿ ಕೊರೆದ ಗುಳಿಗಳಿವೆ. ಇನ್ನೊಂದು ಪಿಜೆ, 3.8 ಕೆ.ಜಿ., ಹೊಸದರಂತೆ ಹೊಳೆಯುತ್ತೆ, ರಾಡ್ ಮಾತ್ರ ಪೂರ್ತಿ ಬಿಗಿದಿದೆ, ಸಂದು ಇನ್ನೂ 0.7 ಮಿ.ಮೀ. ಹಗುರ ಇರೋದರಿಂದ ಎರಡನೇದರ ಮೇಲೆ ಮನಸ್ಸು. ಜೊತೆಗೆ, ಪಿಕ್ ಯಾವ ದಪ್ಪದ್ದು?

ಫ್ರೆಟ್‌ಮೇಸ್ತ್ರಿ:

ಮೊದಲನೇದು. ಗುಳಿಬಿದ್ದ ಫ್ರೆಟ್‌ಗಳನ್ನ ಸಮಮಾಡಿ ಮತ್ತೆ ದುಂಡಗೆ ಉಜ್ಜಬಹುದು. ಎತ್ತರ ಉಳಿದಿಲ್ಲದಿದ್ದರೆ ಆ ಐದನ್ನಷ್ಟೇ ಬದಲಾಯಿಸಬಹುದು. ಕೊನೆ ಮುಟ್ಟಿದ ರಾಡ್‌ಗೆ ಅಂಥ ಸುಲಭದ ದಾರಿ ಇಲ್ಲ. ಅದರ ಮೇಲೆ 50–110 ತಂತಿ ಹಾಕಿದರೆ ಎಳೆತ ಇನ್ನೂ ಹೆಚ್ಚಿ 0.7 ಇದ್ದದ್ದು ಮತ್ತೂ ಬೆಳೆಯುತ್ತೆ.

4.4 ಕೆ.ಜಿ. ಭಾರ ಅನ್ನಿಸಿದರೆ 8 ಸೆಂ.ಮೀ. ಅಗಲದ, ಒಳಮೈ ಒರಟಾದ ಚರ್ಮದ ಸ್ಟ್ರಾಪ್ ಹಾಕಿ. ಒರಟು ಮೈ ಹೆಗಲ ಮೇಲೆ ಜಾರಲ್ಲ, ತಲೆ ಕೆಳಗೆ ವಾಲೋದನ್ನ ಎಡಗೈ ಹೊರಬೇಕಾಗಲ್ಲ. ಸ್ಟ್ರಾಪ್ ಲಾಕ್ ಕಡ್ಡಾಯ.

ದಪ್ಪತಂತಿ:

ಪಿಕ್ 0.88 ಮಿ.ಮೀ.ಯಿಂದ ಶುರು ಮಾಡಿ. 0.73 ಇ ತಂತಿ ಮುಂದೆ ಬಾಗಿ ತಡವಾಗಿ ಬಿಡುತ್ತೆ, 1.14 ಆದರೆ ಮಣಿಕಟ್ಟು ಬೇಗ ಸೋಲುತ್ತೆ. ತುದಿ ಬೆರಳಿಂದ 4–5 ಮಿ.ಮೀ. ಮಾತ್ರ ಹೊರಗಿರಲಿ, ತಂತಿಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಪೂರ್ತಿ ಚಪ್ಪಟೆ ಹಿಡಿದರೆ ಪ್ರತಿ ಹೊಡೆತದಲ್ಲೂ ಪಿಕ್ ಸಿಕ್ಕಿಕೊಳ್ಳುತ್ತೆ, ತುಂಬಾ ಓರೆಯಾದರೆ ಸುತ್ತಿನ ಮೇಲೆ ಉಜ್ಜಿ ಕರಕರ ಅನ್ನುತ್ತೆ. ಹೊಡೆಯೋ ಜಾಗ ಪಿಕಪ್ ಮೇಲೆಯೇ ಅಥವಾ ಒಂದೆರಡು ಬೆರಳು ಬ್ರಿಡ್ಜ್ ಕಡೆಗೆ.

ಸ್ಟ್ರಾಪನ್ನ ಡೀ ಡೀ ಹಾಗೆ ಮೊಣಕಾಲಿನವರೆಗೆ ಇಳಿಸುವ ಮೊದಲು ಒಂದು ಪರೀಕ್ಷೆ: ನಿಂತು ಐದನೇ ಫ್ರೆಟ್‌ನಲ್ಲಿ ಇ ತಂತಿ ಒತ್ತಿ, ಎಡ ಮಣಿಕಟ್ಟು ನೋಡಿ. ಮಡಚಿಕೊಂಡಿದ್ದರೆ ಎರಡು ರಂಧ್ರ ಮೇಲೆತ್ತಿ. ಡೌನ್‌ಸ್ಟ್ರೋಕ್ ಮಣಿಕಟ್ಟಿನಿಂದ ಬರಲಿ, ಮೊಣಕೈಯಿಂದ ಬೇಡ. 140 ಬೀಟ್‌ನಲ್ಲಿ ಮೂರು ನಿಮಿಷ ನಿಲ್ಲಿಸದೆ ಸಮವಾಗಿ ಬಂದರೆ 5 ಬೀಟ್ ಏರಿಸಿ, ಮುಂಗೈ ಉರಿಯೋಕೆ ಶುರುವಾದರೆ ಅವತ್ತಿಗೆ ಅಲ್ಲೇ ನಿಲ್ಲಿಸಿ.